ಊರಿಗೆಲ್ಲ ಒಂದೇ ಪಟ್ಟಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಸೇರಿ ವಿಧಾನಸಭೆಗೆ ಒಂದೇ ಕ್ಷೇತ್ರ. ಆದರೆ ಅಡಿಕೆಯ ಹಳದಿ ಎಲೆ ರೋಗಕ್ಕೆ ಏನು ಮದ್ದು, ಒತ್ತುವರಿ ಅಂದರೆ ಯಾರ ಒತ್ತುವರಿ, ತೋಟಕ್ಕೆ ಬಂದ ಆನೆ ಓಡಿಸುವುದು ಯಾರ ಕೆಲಸ ಎಂಬ ಯಾವ ಪ್ರಶ್ನೆಗೂ ಇಲ್ಲಿ ನಾಲ್ಕು ಜನ ಒಂದೇ ಉತ್ತರ ಕೊಟ್ಟದ್ದನ್ನು ನಾನು ಕಾಣೆ. ಒಮ್ಮತ ಇರುವುದು ಒಂದೇ ವಿಷಯದಲ್ಲಿ. ದಪ್ಪಗಿರುವ ಹೆಂಗಸು ಬಸುರಿಯಾದಳೋ, ಅವಳ ತೂಕ ಸಾರ್ವಜನಿಕ ಆಸ್ತಿ. ಅಲ್ಲಿಗೆ ಒತ್ತುವರಿ ಕಾನೂನು ಅನ್ವಯಿಸುವುದಿಲ್ಲ. ಯಾರು ಬೇಕಾದರೂ ಬೇಲಿ ಹಾರಿ ಬರಬಹುದು.

ಐದಡಿ ಎರಡಿಂಚು ಎತ್ತರದ, 88 ಕೆ.ಜಿ. ತೂಕದ ಒಬ್ಬಾಕೆ ಐದು ತಿಂಗಳ ಬಸುರಿ, ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು ಅಂದುಕೊಳ್ಳಿ. ಮಂಡಿಯವರು ಅಡಿಕೆ ಮೂಟೆಗೆ ಕಣ್ಣಲ್ಲೇ ತೂಕ ಕಟ್ಟುವ ಹಾಗೆ ಜನ ಅವಳಿಗೆ ಕಟ್ಟಿಬಿಡುತ್ತಾರೆ. ಹಣ್ಣಿನಂಗಡಿಯವ, "ಎಂಥ ಅಕ್ಕ, ಅವಳಿ ಜವಳಿಯಾ?" ಎನ್ನುತ್ತಾನೆ. ಹತ್ತು ಹೆಜ್ಜೆ ಮುಂದೆ ಸಿಕ್ಕ ದೂರದ ನೆಂಟರು, "ಹೌದಾ, ಬಸ್ರಿಯಾ? ಗೊತ್ತೇ ಆಗ್ಲಿಲ್ಲ ಮಾರಾಯ್ತಿ, ನೀನು ಮೊದ್ಲೂ ಹೀಗೇ ಇದ್ಯಲ್ಲ!" ಎನ್ನುತ್ತಾರೆ. ಹೊಟ್ಟೆ ಒಂದೇ. ಒಬ್ಬರಿಗೆ ಅದರಲ್ಲಿ ಎರಡು ಮಕ್ಕಳು ಕಂಡವು, ಇನ್ನೊಬ್ಬರಿಗೆ ಒಂದೂ ಕಾಣಲಿಲ್ಲ. ಇಷ್ಟೆಲ್ಲ ಪುಕ್ಕಟೆಯಾಗಿ ನಡೆಯುವಾಗ ಸ್ಕ್ಯಾನಿಂಗಿಗೆ ದುಡ್ಡು ಯಾಕೆ ಕೊಡಬೇಕೋ ತಿಳಿಯದು.

ಮನೆಯೊಳಗೆ ಈ ಆಡಳಿತ ಇನ್ನೂ ಚುರುಕು. ಅಲ್ಲಿ ಆಳುವ ಪಕ್ಷ, ವಿರೋಧ ಪಕ್ಷ ಎರಡೂ ಒಂದೇ ಬಾಯಲ್ಲಿ ಇರುತ್ತವೆ. "ಡಾಕ್ಟ್ರು ಎಂಥ ಅಂದ್ರು?" "ತೂಕ ಜಾಸ್ತಿ ಏರ್ಬಾರ್ದಂತೆ." "ಅದನ್ನೇ ನಾನು ಹೇಳಿದ್ದು, ನಾಲಿಗೆ ಬಿಗಿ ಹಿಡಿ ಅಂತ. ಇಕೊ, ಇನ್ನೊಂದು ಕಡುಬು ಹಾಕ್ಕೊ, ಎರಡು ಜೀವದವಳು ನೀನು." ಸೀಮಂತದ ದಿನವಂತೂ ಬಯಕೆ ಊಟದ ಹೆಸರಲ್ಲಿ ಐದು ಬಗೆಯ ಅನ್ನ, ಮೂರು ಬಗೆಯ ಸಿಹಿ ಅವಳ ಎಲೆಗೆ ಬೀಳುತ್ತವೆ. ಬಡಿಸಿದ ಕೈಯೇ ಹಿಂದೆ ಹೋಗಿ, "ತಿನ್ನೋದು ನೋಡಿದ್ರಾ?" ಎಂದು ಪಿಸುಗುಟ್ಟುತ್ತದೆ.

ಇಬ್ಬರ ಪಾಲು ತಿನ್ನಬೇಕೆಂಬ ಈ ಶಾಸ್ತ್ರ ಎಲ್ಲಿಂದ ಬಂತೋ. ನಮ್ಮ ಪುರಾಣದಿಂದಂತೂ ಅಲ್ಲ. ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ ಋಷ್ಯಶೃಂಗ ಶೃಂಗೇರಿಗೆ ಹತ್ತಿರದ ಕಿಗ್ಗದಲ್ಲೇ ಇದ್ದಾನೆ, ಹೋಗಿ ಕೇಳಬಹುದು. ಯಜ್ಞದಿಂದ ಎದ್ದು ಬಂದ ಪಾಯಸವನ್ನು ಯಾರಿಗೂ ಹೊಟ್ಟೆ ತುಂಬ ಬಡಿಸಿದ್ದಿಲ್ಲ. ವಾಲ್ಮೀಕಿ ಲೆಕ್ಕ ಇಟ್ಟಿದ್ದಾನೆ: ಕೌಸಲ್ಯೆಗೆ ಅರ್ಧ, ಉಳಿದದ್ದರಲ್ಲಿ ಅರ್ಧ ಸುಮಿತ್ರೆಗೆ, ಮತ್ತೆ ಉಳಿದದ್ದರಲ್ಲಿ ಅರ್ಧ ಕೈಕೇಯಿಗೆ, ಕೊನೆಗೆ ತಳದಲ್ಲಿ ನಿಂತದ್ದು ಪುನಃ ಸುಮಿತ್ರೆಗೆ. ಎರಡು ಸಲ ಹಾಕಿಸಿಕೊಂಡವಳು ಸುಮಿತ್ರೆ ಒಬ್ಬಳೇ, ಅವಳಿ ಹೆತ್ತವಳೂ ಅವಳೊಬ್ಬಳೇ. ಮೂರು ಜನ ರಾಣಿಯರಿದ್ದ ಅರಮನೆಯಲ್ಲೇ ಇಷ್ಟು ಕಟ್ಟುನಿಟ್ಟಾಗಿ ಅಳೆದಿದ್ದರು. ನಮ್ಮ ಮನೆಗಳಲ್ಲಿ ಸೌಟಿಗೆ ಲಗಾಮಿಲ್ಲ.

ಹಾಗೆಂದು ತೂಕದ ಮಾತೆಲ್ಲ ಬರೀ ಊರವರ ಚಾಳಿ ಎಂದುಬಿಟ್ಟರೆ ಅದು ಬೇರೊಂದು ಬಗೆಯ ಮೋಸ. ಬಸಿರಿಗೆ ಮೊದಲೇ ತೂಕ ತುಂಬಾ ಇದ್ದವರಿಗೆ ಬಸುರಿನ ಸಕ್ಕರೆ ಕಾಯಿಲೆ, ಬಿ.ಪಿ. ಏರಿ ನಂಜಾಗುವುದು, ಸಿಸೇರಿಯನ್, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಇವೆಲ್ಲ ಉಳಿದವರಿಗಿಂತ ಜಾಸ್ತಿ. ಸ್ಕ್ಯಾನಿನಲ್ಲಿ ಮಗು ಅಷ್ಟು ಸ್ಪಷ್ಟ ಕಾಣುವುದಿಲ್ಲ, ಬೆನ್ನಿಗೆ ಅರಿವಳಿಕೆ ಕೊಡುವುದೂ ಕಷ್ಟ. ಇದು ನಿಜ. ಆದರೆ ಅಷ್ಟೇ ನಿಜವಾದ ಇನ್ನೊಂದು ಮಾತನ್ನು ಬಸ್ ಸ್ಟ್ಯಾಂಡಿನ ಪಂಡಿತರು ಹೇಳುವುದಿಲ್ಲ. ಬಸಿರು ತೂಕ ಇಳಿಸುವ ಕಾಲವಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಬಿ.ಎಂ.ಐ., ಅಂದರೆ ಎತ್ತರಕ್ಕೆ ತೂಕ ಹೋಲಿಸುವ ಲೆಕ್ಕ, 30 ದಾಟಿದವಳು ಒಂಬತ್ತು ತಿಂಗಳಲ್ಲಿ 5ರಿಂದ 9 ಕೆ.ಜಿ. ಏರಬೇಕು. ಸಾಧಾರಣ ತೂಕದವಳಿಗೆ ಅದು ಹನ್ನೊಂದೂವರೆಯಿಂದ 16. ಅಂದರೆ ಇವಳೂ ಏರಬೇಕು, ಸ್ವಲ್ಪ ಕಡಿಮೆ ಏರಬೇಕು. ರಾತ್ರಿ ಊಟ ಬಿಟ್ಟು ನಿಂಬೆಹಣ್ಣಿನ ನೀರು ಕುಡಿ ಎಂದು ಹೇಳುವವರನ್ನು ಕಡುಬು ಬಡಿಸುವವರ ಪಕ್ಕದಲ್ಲೇ ಕೂರಿಸಿ ಇಬ್ಬರಿಗೂ ಬಾಗಿಲು ತೋರಿಸುವುದು ಒಳ್ಳೆಯದು.

ಬಿ.ಎಂ.ಐ. ಎಂಬ ಈ ದೇವರೂ ಒಂದು ತಮಾಷೆಯೇ. ಸೂತ್ರ ಕಟ್ಟಿದವನು ಕೆಟ್ಲೆ ಎಂಬ ಬೆಲ್ಜಿಯಂ ದೇಶದ ಖಗೋಳಶಾಸ್ತ್ರಜ್ಞ, 1830ರ ದಶಕದಲ್ಲಿ. ಅವನಿಗೆ ಬೇಕಾಗಿದ್ದುದು ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಎಂಬ ಲೆಕ್ಕ, ಬಸುರಿಯ ಆರೋಗ್ಯ ಅಲ್ಲ. ಅದಕ್ಕೆ ಬಿ.ಎಂ.ಐ. ಎಂದು ಹೆಸರಿಟ್ಟದ್ದು 1972ರಲ್ಲಿ, ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ. ನಕ್ಷತ್ರ ನೋಡುವವನ ಲೆಕ್ಕ ಈಗ ತಾಯಿ ಕಾರ್ಡಿನಲ್ಲಿ ಕೂತಿದೆ. ಜಾತಕ ಬರೆಸುವ ನಮಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಇಲ್ಲ. ಬಸುರಿಯ ಬಿ.ಎಂ.ಐ. ಲೆಕ್ಕಕ್ಕೆ ಬೇಕಾದದ್ದು ಬಸಿರಾಗುವ ಮೊದಲಿನ ತೂಕ. ನಾಲ್ಕನೇ ತಿಂಗಳಲ್ಲಿ ಮೊದಲ ಸಲ ತಕ್ಕಡಿ ಹತ್ತಿದವಳಿಗೆ ಅದು ಹೇಗೆ ಗೊತ್ತು? "ಮದುವೆಗೆ ಮೊದಲು ಎಷ್ಟಿತ್ತು?" ಎಂದು ಕೇಳಿ, ಅವಳು ನಾಚಿಕೊಂಡು ಹೇಳಿದ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ.

ಇನ್ನು ಪಟ್ಟಿಯ ವಿಷಯ. ಈ ಇಡೀ ಬರಹ ಅದಕ್ಕಾಗಿಯೇ ಎಂದರೂ ಅಡ್ಡಿಯಿಲ್ಲ.

ಬಿ.ಪಿ. ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಇದೆಯಲ್ಲ, ಅದಕ್ಕೆ ಅಳತೆ ಇರುತ್ತದೆ. ತೋಳಿನ ಸುತ್ತಳತೆ ಸುಮಾರು 34 ಸೆಂ.ಮೀ. ದಾಟಿದರೆ ದೊಡ್ಡ ಪಟ್ಟಿ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಬಿ.ಪಿ. ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ನರ್ಸಿಂಗ್ ಓದುವವರಿಗೆ ಶುರುವಿನಲ್ಲೇ ಕಲಿಸುವ ಪಾಠ ಇದು. ಈಗ ನಮ್ಮ ಕಡೆಯ ಯಾವುದೋ ಒಂದು ಆಸ್ಪತ್ರೆಗೆ ಬನ್ನಿ, ಹೆಸರು ಬೇಡ. ಸಿಸ್ಟರ್ ಪಟ್ಟಿ ಸುತ್ತುತ್ತಾರೆ. ತುದಿಗೆ ತುದಿ ತಾಗುವುದೇ ಇಲ್ಲ. ಎಳೆದು ಅಂಟಿಸಿ ಗಾಳಿ ಒತ್ತುತ್ತಾರೆ, ‘ಚರ್’ ಎಂದು ಬಿಚ್ಚಿಕೊಳ್ಳುತ್ತದೆ. ಎರಡನೇ ಸಲವೂ ಅದೇ ಸದ್ದು. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಾರೆ. ಮೂರನೇ ಸಲ ಆಯಾ ಬಂದು ಪಟ್ಟಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಳ್ಳುತ್ತಾಳೆ. ಅಷ್ಟು ಹೊತ್ತಿಗೆ ನಾಚಿಕೆ, ಸಿಟ್ಟು, ಅಳು ಎಲ್ಲ ಸೇರಿ ಇದ್ದ ಬಿ.ಪಿ.ಯೂ ಏರಿರುತ್ತದೆ. 150, 96. "ನೋಡಿದ್ರಾ? ದಪ್ಪ ಇದ್ರೆ ಹೀಗೇ ಆಗ್ತದೆ. ಇಲ್ಲಿ ಆಗೋದಿಲ್ಲ, ಮಣಿಪಾಲಕ್ಕೆ ಹೋಗಿ."

ಜೀಪು ಮಾಡಿಕೊಂಡು ಆಗುಂಬೆ ಘಾಟಿಯ 14 ತಿರುವು ಇಳಿದು, ಎರಡು ಸಲ ವಾಂತಿ ಮಾಡಿ, ಸೋಮೇಶ್ವರ, ಹೆಬ್ರಿ ದಾಟಿ ಅಲ್ಲಿಗೆ ಮುಟ್ಟಿದರೆ, ಅಲ್ಲಿಯವರು ಡ್ರಾಯರಿನಿಂದ ದೊಡ್ಡ ಪಟ್ಟಿ ತೆಗೆದು ಸುತ್ತುತ್ತಾರೆ. 126, 80. "ಎಲ್ಲ ಸರಿ ಇದೆಯಲ್ಲಮ್ಮ, ಯಾಕೆ ಬಂದ್ರಿ?"

ಆ ಪಟ್ಟಿಯ ಬೆಲೆ ಒಂದು ಸೀಮಂತಕ್ಕೆ ತರಿಸುವ ಹೂವಿನ ಖರ್ಚಿಗಿಂತ ಜಾಸ್ತಿಯೇನಲ್ಲ. ಜೀಪಿನ ಬಾಡಿಗೆಗಿಂತಂತೂ ಕಡಿಮೆ. ಆದರೆ ಪಟ್ಟಿ ಚಿಕ್ಕದು ಎಂದು ಬರೆಯಲು ರಿಜಿಸ್ಟರಿನಲ್ಲಿ ಜಾಗವಿಲ್ಲ. ಹೆಂಗಸು ದೊಡ್ಡವಳು ಎಂದು ಬರೆಯಲು ಧಾರಾಳ ಜಾಗವಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲದ ಒಂದು ಭಾಗವೂ ಉಂಟು. ನಾಲ್ಕು ಸಲ ಸುಳ್ಳು ಬಿ.ಪಿ. ತೋರಿಸಿದ ಮೇಲೆ, ಎಂಟನೇ ತಿಂಗಳಲ್ಲಿ ನಿಜವಾದ ಬಿ.ಪಿ. ಬಂದು ಅವಳಿಗೆ ತಲೆ ಸಿಡಿಯುತ್ತಿದ್ದರೂ, ಕಣ್ಣು ಮಂಜಾಗುತ್ತಿದ್ದರೂ, "ಓ, ಇವರದ್ದು ಯಾವಾಗ್ಲೂ ಹೀಗೇ" ಎಂದು ಹೇಳಿ ಕಳಿಸುವ ಸಾಧ್ಯತೆ. ಶೃಂಗೇರಿಯ ಜನ ನೂರು ಹಾಸಿಗೆಯ ಆಸ್ಪತ್ರೆ ಬೇಕೆಂದು ಎಷ್ಟೋ ವರ್ಷ ಬೀದಿಗಿಳಿದು ಕೂಗಿದರು. ಅದು ಬೇಕು, ಸರಿ. ಆ ನೂರು ಹಾಸಿಗೆಯ ಪಟ್ಟಿಯಲ್ಲಿ ಈ ಒಂದು ಪಟ್ಟಿಯನ್ನೂ ಯಾರಾದರೂ ಸೇರಿಸಲಿ.

ಬಸುರಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬ ವಿಷಯದಲ್ಲಿ ಶೃಂಗೇರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಊರು ಹುಟ್ಟಿದ್ದೇ ಅದರಿಂದ. ತುಂಗೆಯ ದಡದಲ್ಲಿ ಕಪ್ಪೆ ಶಂಕರ ಅಂತ ಪುಟ್ಟ ಗುಡಿ ಇದೆ. ಸುಡುಬಿಸಿಲಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆ ಬಿಚ್ಚಿ ನೆರಳು ಹಿಡಿದದ್ದನ್ನು ಕಂಡೇ ಶಂಕರಾಚಾರ್ಯರು ಇಲ್ಲಿ ಪೀಠ ಸ್ಥಾಪಿಸಿದರು ಎಂಬುದು ಐತಿಹ್ಯ. ಗಮನಿಸಬೇಕಾದದ್ದು ಸರ್ಪ ಏನು ಮಾಡಿತು ಎಂಬುದಷ್ಟೇ ಅಲ್ಲ, ಏನು ಮಾಡಲಿಲ್ಲ ಎಂಬುದೂ. ‘ಹೊಟ್ಟೆ ಇಷ್ಟು ದಪ್ಪ ಯಾಕೆ’ ಎಂದು ಕೇಳಲಿಲ್ಲ. ‘ಮಳೆಗಾಲದಲ್ಲಿ ಹುಳ ತಿನ್ನೋದು ಕಮ್ಮಿ ಮಾಡ್ಬೇಕಿತ್ತು’ ಎನ್ನಲಿಲ್ಲ. ಆ ಹೊತ್ತಿಗೆ ಬೇಕಾಗಿದ್ದುದು ನೆರಳು, ಅದನ್ನು ಕೊಟ್ಟು ಬಾಯಿ ಮುಚ್ಚಿಕೊಂಡು ಕೂತಿತು. ನಾವು ಆ ಗುಡಿಗೆ ಕೈ ಮುಗಿದು ಮೆಟ್ಟಿಲು ಹತ್ತುತ್ತೇವೆ, ಮೇಲೆ ಏದುಸಿರು ಬಿಡುತ್ತ ನಿಂತ ಬಸುರಿಯನ್ನು ಕಂಡು, "ನಡೀಬೇಕಮ್ಮ ದಿನಾ, ನಡೆದ್ರೆ ಇಳೀತದೆ" ಎನ್ನುತ್ತೇವೆ.

ನಡೆಯುವುದು ಒಳ್ಳೆಯದೇ, ಡಾಕ್ಟರೂ ಹೇಳುತ್ತಾರೆ. ಆದರೆ ಎಲ್ಲಿ? ಜೂನಿನಲ್ಲಿ ಹಿಡಿದ ಮಳೆ ಬಿಡುವಾಗ ದೀಪಾವಳಿ ಹತ್ತಿರ ಬಂದಿರುತ್ತದೆ. ಅಷ್ಟರವರೆಗೆ ಅಂಗಳ ಪಾಚಿ, ತೋಟ ಇಂಬಳ. ರಸ್ತೆಗೆ ಹೋಗೋಣ ಎಂದರೆ ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆ ಭದ್ರಾ ಕಾಡಿನ ಆನೆಗಳು ವಾಕಿಂಗಿಗೆ ಹೊರಟಿರುತ್ತವೆ. ಆನೆಗೆ 22 ತಿಂಗಳ ಬಸಿರು. ಅದರ ತೂಕದ ಬಗ್ಗೆ ಉಪದೇಶ ಮಾಡಿದ ಮಲೆನಾಡಿಗರನ್ನು ನಾನಂತೂ ಕಂಡಿಲ್ಲ.

ಸರ್ಕಾರಕ್ಕೂ ಬಸುರಿ ಎಂದರೆ ಒಂದೇ ಚಿತ್ರ: ಬಡಕಲು ಮೈ, ಗುಳಿಬಿದ್ದ ಕಣ್ಣು. ತಪ್ಪು ಎನ್ನಲಾಗದು, ಹಸಿವಿನ ಕಾಲದಲ್ಲಿ ಹುಟ್ಟಿದ ಕಲ್ಪನೆ ಅದು. 2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಕೊಡುತ್ತದೆ. ದಪ್ಪಗಿದ್ದವಳು ಹೋಗಿ ಕೂತರೆ ಪಕ್ಕದವರ ಕಣ್ಣು ಅವಳ ತಟ್ಟೆಯ ಮೇಲೆ. ‘ಇವಳಿಗೆ ಯಾಕಪ್ಪ ಮೊಟ್ಟೆ?’ ಯಾಕೆಂದರೆ ಮೈಯಲ್ಲಿ ಕೊಬ್ಬು ಇದ್ದ ಮಾತ್ರಕ್ಕೆ ರಕ್ತದಲ್ಲಿ ಕಬ್ಬಿಣ ಇರುತ್ತದೆ ಎಂದೇನಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚು, ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎರಡೂ ಪಟ್ಟಿಯಲ್ಲಿ ಹೆಸರಿರುವವರು ಬೇಕಾದಷ್ಟು. ಅನ್ನದ ರಾಶಿಯ ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡು ಬೆಳೆದವರಿಗೆ ಇದು ಹೇಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಸಕ್ಕರೆ ಪರೀಕ್ಷೆ ಮಾತ್ರ ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ. ಖಾಲಿ ಹೊಟ್ಟೆ ಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿಯುವುದು, ಎರಡು ಗಂಟೆ ಬಿಟ್ಟು ರಕ್ತ ಕೊಡುವುದು, 140 ಅಥವಾ ಅದಕ್ಕೆ ಮೇಲಿದ್ದರೆ ಸಕ್ಕರೆ ಎಂದು ಲೆಕ್ಕ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವಿಶೇಷವಾಗಿ ನೋಡುವ ದಿನವೂ ಇದೆ. ಎರಡು ಗಂಟೆ ಕಾದು ರಕ್ತ ಕೊಟ್ಟವಳಿಗೆ ವಾಪಸ್ ಬಸ್ಸು ಸಿಗಬೇಕು, ಅಷ್ಟೇ. ಕಾರ್ಮಿಕರೇ ಕಟ್ಟಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಒಳಗಿನ ಊರುಗಳಿಗೆ ಆ ‘ಅಷ್ಟೇ’ ದೊಡ್ಡ ಮಾತಾಗಿದೆ. ಮಧ್ಯಾಹ್ನದ ಬಸ್ಸು ತಪ್ಪಿಸಿಕೊಳ್ಳಲಾಗದೆ ಪರೀಕ್ಷೆ ಅರ್ಧಕ್ಕೆ ಬಿಟ್ಟು ಓಡಿದವಳ ಕಾರ್ಡಿನಲ್ಲಿ ಏನು ಬರೆಯುತ್ತಾರೆ ಗೊತ್ತೇ? ‘ರೋಗಿ ಸಹಕರಿಸಲಿಲ್ಲ.’

ಹೆರಿಗೆಯಾಯಿತು ಅನ್ನಿ. ಸಿಸೇರಿಯನ್. ಮಗು 3.9 ಕೆ.ಜಿ. ಈಗ ನೋಡಬೇಕು ತೂಕಕ್ಕೆ ಬರುವ ಮರ್ಯಾದೆ! ಒಂಬತ್ತು ತಿಂಗಳು ಯಾವುದು ಅಪರಾಧವಾಗಿತ್ತೋ ಅದು ತೊಟ್ಟಿಲಿಗೆ ಬಂದ ಕೂಡಲೇ ಕುಲದ ಕೀರ್ತಿ. "ಹತ್ತಿರ ಹತ್ತಿರ ನಾಲ್ಕು ಕೆ.ಜಿ.! ನಮ್ಮ ಕಡೆ ಮೈಕಟ್ಟು." ಬಸಿರಲ್ಲಿದ್ದಾಗ ತಾಯಿಗೆ ಸಕ್ಕರೆ ಇದ್ದುದರಿಂದ ಮಗುವಿಗೆ ಸಕ್ಕರೆ ಇಳಿದುಬಿಡಬಹುದು ಎಂದು ಸಿಸ್ಟರ್ ಅದರ ಹಿಮ್ಮಡಿಗೆ ಸೂಜಿ ಚುಚ್ಚಿ ನೋಡಿದರೆ ಅಜ್ಜಿಗೆ ಸಿಟ್ಟು: "ಇಷ್ಟು ದುಂಡಗಿದೆ ಮಗು, ಇದಕ್ಕೆಂಥ ರೋಗ ಹುಡುಕ್ತೀರಿ?"

ತಾಯಿಯನ್ನು ಮರುದಿನವೇ ಎಬ್ಬಿಸಿ ನಡೆಸಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಎಂದು ಡಾಕ್ಟರು ಹೇಳಿ ಕಳಿಸಿರುತ್ತಾರೆ. ಮನೆಗೆ ಬಂದರೆ ತಲೆಗೆ ಬಟ್ಟೆ ಕಟ್ಟಿ, ನಲವತ್ತು ದಿನ ಕೋಣೆ ದಾಟುವಂತಿಲ್ಲ, ನೀರು ಜಾಸ್ತಿ ಕುಡಿಯುವಂತಿಲ್ಲ, ತುಪ್ಪ ಮಾತ್ರ ಬೇಡವೆನ್ನುವಂತಿಲ್ಲ. ಆರು ವಾರಕ್ಕೆ ಅವಳು ಮತ್ತೊಮ್ಮೆ ಗ್ಲೂಕೋಸ್ ಕುಡಿದು ಪರೀಕ್ಷೆ ಮಾಡಿಸಬೇಕು, ಬಸುರಿನಲ್ಲಿ ಬಂದ ಸಕ್ಕರೆ ಹೋಯಿತೋ, ಖಾಯಂ ಆಗಿ ಕೂತಿತೋ ಎಂದು ತಿಳಿಯಲು. ಒಂಬತ್ತು ತಿಂಗಳು ಅವಳ ಕೆ.ಜಿ. ಲೆಕ್ಕ ಇಟ್ಟ ಅಷ್ಟೂ ಜನರಲ್ಲಿ ಒಬ್ಬರಿಗಾದರೂ ಈ ತಾರೀಕು ನೆನಪಿರಬೇಕಿತ್ತು. ಅವರೆಲ್ಲ ನಾಮಕರಣಕ್ಕೆ ಬಂದಿದ್ದಾರೆ. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, ಅವಳನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಇಳ್ದೇ ಇಲ್ಲವಲ್ಲೇ" ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ, "ಇನ್ನೊಂದು ಯಾವಾಗ?"