ರೆಂಡಿಟ್ಟ ಎಷ್ಟು ಸಾರ್?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕಣ್ಣಿಗೆ ಕಂಡದ್ದನ್ನು ನಂಬಿ ದುಡ್ಡು ಬಿಚ್ಚುವವರು ಯಾರೂ ಇಲ್ಲ. ರೈತ ಗೂಡು ಸುರಿದು ಪಕ್ಕದಲ್ಲಿ ನಿಂತಿರುತ್ತಾನೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಬರುತ್ತಾನೆ. ರಾಶಿಯ ಮೇಲಿನ ಗೂಡನ್ನು ಅವನು ನೋಡುವುದೇ ಇಲ್ಲ; ಚೆನ್ನಾಗಿರುವುದು ಯಾವಾಗಲೂ ಮೇಲೇ ಇರುತ್ತದೆ ಎನ್ನುವುದು ಅವನಿಗೆ ಅಪ್ಪನ ಕಾಲದಿಂದ ಗೊತ್ತು. ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾನೆ. ಬೆರಳಲ್ಲಿ ಅದುಮುತ್ತಾನೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ, ಮುಖದಲ್ಲಿ ಏನನ್ನೂ ತೋರಿಸದೆ ಮುಂದಿನ ರಾಶಿಗೆ ಹೋಗುತ್ತಾನೆ. ಹರಾಜು ಕೂಗುವ ಕಾಲ ಹೋಗಿ ಇ-ಹರಾಜು ಬಂದಿದೆ ನಿಜ. ಆದರೆ ಬೆಲೆ ಒತ್ತುವ ಬೆರಳು ಅದಕ್ಕೂ ಮುಂಚೆ ಗೂಡನ್ನು ಒತ್ತಿಯೇ ಇರುತ್ತದೆ.

ಇಂಥ ಊರಿನಲ್ಲಿ ಕೂತು ನಾನು, ಮುಟ್ಟಲಾಗದ, ಅಲ್ಲಾಡಿಸಲಾಗದ, ಎಲ್ಲಿದೆ ಎಂದು ಕೇಳಿದರೆ ದಿಕ್ಕು ತೋರಿಸಲೂ ಆಗದ ಒಂದು ಸರಕನ್ನು ಪರೀಕ್ಷೆ ಮಾಡಿ ಕೊಳ್ಳಬೇಕಾಯಿತು. ಆನ್‌ಲೈನ್ ಬ್ಯಾಕಪ್. ಮನೆಯ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಇಂಟರ್ನೆಟ್ಟಿನ ಮೂಲಕ ಎಳೆದುಕೊಂಡು ಹೋಗಿ ದೂರದಲ್ಲೆಲ್ಲೋ ನಕಲು ಇಟ್ಟುಕೊಂಡು, ನಿಮ್ಮ ಕಂಪ್ಯೂಟರ್ ಕಣ್ಣು ಮುಚ್ಚಿದ ದಿನ ವಾಪಸ್ ಕೊಡುತ್ತೇವೆ ಎನ್ನುವ ವ್ಯವಹಾರ.

ಬೆಂಗಳೂರಿನಿಂದ ಬಂದಿದ್ದ ಮಗಳು ನಮ್ಮ ಕಂಪ್ಯೂಟರಿನ ಹೊಟ್ಟೆಯೊಳಗಿನ ಟಕ್ ಟಕ್ ಕೇಳಿಸಿಕೊಂಡು, "ಅಪ್ಪಾ, ಇದರ ಹಾರ್ಡ್ ಡಿಸ್ಕ್ ಹೆಚ್ಚು ದಿನ ಇರಲ್ಲ" ಅಂದಳು. ವೈದ್ಯರು ಇಷ್ಟು ನೇರವಾಗಿ ಹೇಳುವುದಿಲ್ಲ. ಅವಳು ಅಂಕಿ ಅಂಶ ಬೇರೆ ತೆಗೆದಳು. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನ ಸಾವಿರಾರು ಡಿಸ್ಕ್‌ಗಳಲ್ಲಿ ವರ್ಷಕ್ಕೆ ಎಷ್ಟು ಸಾಯುತ್ತವೆ ಎಂದು ಹತ್ತು ವರ್ಷಕ್ಕೂ ಮೇಲಿನಿಂದ ಪಟ್ಟಿ ಪ್ರಕಟಿಸುತ್ತಿದೆಯಂತೆ. ನೂರಕ್ಕೆ ಒಂದೋ ಎರಡೋ. "ನೂರಕ್ಕೆ ಒಂದು ಅಂದ್ರೆ ಕಡಿಮೆನೇ ಅಲ್ವೇನೇ?" ಅಂದೆ. "ನಮ್ಮನೇಲಿ ಇರೋದೇ ಒಂದು" ಅಂದಳು.

ಆ ಒಂದರಲ್ಲಿ ಏನಿದೆ ಎಂದು ನೋಡಲು ಕೂತರೆ ಹಬ್ಬದ ಹಿಂದಿನ ದಿನ ಅಟ್ಟ ಇಳಿಸಿದಷ್ಟು ಸರಕು. ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ ಎರಡು, ಮೂರು. ಲೇಖನ ಫೈನಲ್, ಲೇಖನ ಫೈನಲ್ ಫೈನಲ್, ಲೇಖನ ನಿಜವಾದ ಫೈನಲ್. ಮಗಳ ನಾಮಕರಣ, ಅವಳದೇ ಮದುವೆ, ಅದೂ ಫೋಟೋಗ್ರಾಫರ್ ಕೊಟ್ಟ ನಾಲ್ಕು ಸಾವಿರ ಚಿತ್ರ, ಅದರಲ್ಲಿ ಮೂರು ಸಾವಿರ ಊಟದ ಪಂಕ್ತಿಯವು. ಜಮೀನಿನ ಹಳೆಯ ಕೈಬರಹದ ಪಹಣಿಯ ಸ್ಕ್ಯಾನ್. ನನ್ನ ತಂದೆ ರೇಷ್ಮೆ ನೂಲು ತೆಗೆಯುವ ಚರಕ ನಡೆಸುತ್ತಿದ್ದಾಗ ಬರೆದ ಲೆಕ್ಕದ ಪುಸ್ತಕದ ಹಾಳೆಗಳು. ಮತ್ತೆ ಸಂಬಂಧಿಕರು ವಾಟ್ಸಾಪಿನಲ್ಲಿ ಕಳಿಸಿದ, ಗುಲಾಬಿ ಹೂವಿನ ಮೇಲೆ ಶುಭೋದಯ ಎಂದು ಬರೆದ ಅಸಂಖ್ಯ ಚಿತ್ರಗಳು. ಒಟ್ಟು 300 ಜಿಬಿ. ಶುಭೋದಯ ತೆಗೆದುಹಾಕೋಣ ಎಂದರೆ ಹೆಂಡತಿ ಒಪ್ಪಲಿಲ್ಲ. ಅವಳ ಅಣ್ಣ ಕಳಿಸಿದ್ದೂ ಅದರಲ್ಲಿದೆಯಂತೆ.

ಗೂಗಲ್‌ನಲ್ಲಿ ಬಿಟ್ಟಿ ಜಾಗ ಸಿಗುವಾಗ ದುಡ್ಡು ಯಾಕೆ ಎಂದು ಕೇಳಿದೆ. ಇದು ನಮ್ಮೂರಿನ ಯಾವ ಮನುಷ್ಯನಾದರೂ ಮೊದಲು ಕೇಳುವ ಪ್ರಶ್ನೆ. ಬಿಟ್ಟಿ ಜಾಗ 15 ಜಿಬಿ, ಅದರಲ್ಲೇ ಇಮೇಲೂ ಸೇರಬೇಕು. ಫೋಟೋಗಳನ್ನು ಎಷ್ಟು ಬೇಕಾದರೂ ಇಡಿ ಎಂದಿದ್ದವರು 2021ರ ಜೂನ್ 1ರಿಂದ ಲೆಕ್ಕ ಹಾಕತೊಡಗಿದರು. ಅದಕ್ಕಿಂತ ಮುಖ್ಯವಾದ ಒಂದು ವ್ಯತ್ಯಾಸವನ್ನು ಮಗಳು ನನಗೆ ನಾಲ್ಕು ಸಲ ಹೇಳಿ ಅರ್ಥ ಮಾಡಿಸಿದಳು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎಂದರೆ ನೀವು ಇಲ್ಲಿ ಅಳಿಸಿದರೆ ಅದು ಅಲ್ಲೂ ಅಳಿಸುತ್ತದೆ; ವಿಧೇಯತೆ ಹೆಚ್ಚು. ಬ್ಯಾಕಪ್ ಎಂದರೆ ನೀವು ಅಳಿಸಿದ್ದನ್ನು ಅದು ಕೂಡಲೇ ನಂಬುವುದಿಲ್ಲ, ಹಳೆಯ ಪ್ರತಿಯನ್ನು ಸ್ವಲ್ಪ ಕಾಲ ಇಟ್ಟುಕೊಂಡು ಕಾಯುತ್ತದೆ. ಕೆಲವರಲ್ಲಿ 30 ದಿನ, ಕೆಲವರಲ್ಲಿ ವರ್ಷ. ವೈರಸ್ ಬಂದು ಫೈಲುಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳಿದಾಗ, 2017ರಲ್ಲಿ ವನ್ನಾಕ್ರೈ ಜಗತ್ತಿನಾದ್ಯಂತ ಮಾಡಿದ ಹಾಗೆ, ವಿಧೇಯ ಸಿಂಕ್ ಆ ಬೀಗವನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ. ಅವಿಧೇಯ ಬ್ಯಾಕಪ್ ಬಳಿ ಮಾತ್ರ ಬೀಗ ಬೀಳುವ ಮೊದಲಿನ ಪ್ರತಿ ಉಳಿದಿರುತ್ತದೆ.

ಕಂಪನಿಗಳ ಚರಿತ್ರೆ ತೆಗೆದು ನೋಡಿದೆ. ಹುಡುಗನ ಮನೆತನ ವಿಚಾರಿಸದೆ ಹೆಣ್ಣು ಕೊಡುವವರಲ್ಲ ನಾವು. ಮೋಝಿ ಎಂಬುದು ಒಂದು ಕಾಲದಲ್ಲಿ ದೊಡ್ಡ ಹೆಸರು, ಕೊನೆಗೆ ಕಾರ್ಬೊನೈಟ್ ಎಂಬ ಇನ್ನೊಂದರಲ್ಲಿ ಕರಗಿತು. ಕ್ರಾಶ್‌ಪ್ಲಾನ್ 2017ರಲ್ಲಿ, ಇನ್ನು ಮನೆ ಬಳಕೆಯವರು ನಮಗೆ ಬೇಡ, ವ್ಯಾಪಾರಿಗಳು ಸಾಕು ಎಂದಿತು. ಬ್ಯಾಕ್‌ಬ್ಲೇಜ್ 2008ರಲ್ಲಿ ತಿಂಗಳಿಗೆ 5 ಡಾಲರ್ ಎಂದು ಶುರು ಮಾಡಿ 2023ರಲ್ಲಿ 9ಕ್ಕೆ ಏರಿತು. ಹದಿನೈದು ವರ್ಷಕ್ಕೆ ಅಷ್ಟು ಏರಿಕೆ ಟೊಮೆಟೊ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಏರಿಕೆಯೇ ಅಲ್ಲ, ಇಲ್ಲಿ ವಾರದಲ್ಲೇ ಅದಕ್ಕಿಂತ ಹೆಚ್ಚು ಏರಿ ಇಳಿಯುತ್ತದೆ. ಆದರೂ ವರ್ಷಕ್ಕೆ 99 ಡಾಲರ್ ಅಂದರೆ ಎಂಟು ಸಾವಿರ ದಾಟುವ ರೂಪಾಯಿ. "ಶುಭೋದಯ ನೋಡ್ಕೊಳ್ಳೋದಕ್ಕೆ ಎಂಟು ಸಾವಿರಾನಾ?" ಅಂದೆ. ಹೆಂಡತಿ ಉತ್ತರ ಕೊಡದೆ ಒಳಗೆ ಹೋದಳು.

ಒಂದು ಸೇವೆಯನ್ನು, ಹೆಸರು ಬೇಡ, ಹದಿನೈದು ದಿನದ ಉಚಿತ ಪರೀಕ್ಷೆಗೆ ತೆಗೆದುಕೊಂಡೆ. ಅಲ್ಲಿ ಗಣಿತ ಎದುರಾಯಿತು. ನಮ್ಮ ಬೀದಿಯ ಕೇಬಲ್ ಹುಡುಗ ಹಾಕಿಕೊಟ್ಟ ಇಂಟರ್ನೆಟ್ಟಿನಲ್ಲಿ ಕೆಳಗಿಳಿಯುವ ವೇಗ 40 ಎಂಬಿಪಿಎಸ್, ಮೇಲೇರುವ ವೇಗ ಅಳೆದರೆ 2. ಇಂಟರ್ನೆಟ್ ಕಂಡುಹಿಡಿದವರು ಮನುಷ್ಯ ತೆಗೆದುಕೊಳ್ಳುತ್ತಾನೆ, ಕೊಡುವುದು ಅಪರೂಪ ಎಂದು ತಿಳಿದೇ ಹೀಗೆ ಮಾಡಿದ್ದಿರಬೇಕು. 300 ಜಿಬಿಯನ್ನು 2 ಎಂಬಿಪಿಎಸ್‌ನಲ್ಲಿ ಏರಿಸಲು 12 ಲಕ್ಷ ಸೆಕೆಂಡು, ಅಂದರೆ ಹದಿನಾಲ್ಕು ದಿನ. ಹಗಲು ರಾತ್ರಿ, ಉಸಿರು ಬಿಡದೆ, ಕರೆಂಟು ಹೋಗದೆ ಇದ್ದರೆ. ಕರೆಂಟು ಹೋಗದೆ ಇದ್ದರೆ ಎಂಬ ಷರತ್ತನ್ನು ನಮ್ಮೂರಲ್ಲಿ ಓದಿ ಹೇಳಿದರೆ ನಗುತ್ತಾರೆ.

ಮೊಟ್ಟೆಯೊಡೆದ ರೇಷ್ಮೆ ಹುಳು ಗೂಡು ಕಟ್ಟಲು ಇಪ್ಪತ್ತೈದು ದಿನದ ಹತ್ತಿರ ಬೇಕು. ಆ ನಡುವೆ ನಾಲ್ಕು ಸಲ ಸೊಪ್ಪು ಮುಟ್ಟದೆ ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಪೊರೆ ಬಿಡಲು. ಅದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಮ್ಮ ಬ್ಯಾಕಪ್ಪೂ ತಿನ್ನುತ್ತಾ ತಿನ್ನುತ್ತಾ ಇದ್ದಕ್ಕಿದ್ದ ಹಾಗೆ ಶೇಕಡಾ 31ರಲ್ಲಿ ನಿಂತುಬಿಟ್ಟಿತು. ನಾನು ಮೌಸ್ ಅಲ್ಲಾಡಿಸಿದೆ, ವೈಫೈ ಡಬ್ಬಿಯ ಕಿವಿ ತಿರುಗಿಸಿದೆ, ಮಗಳಿಗೆ ಫೋನ್ ಮಾಡಿದೆ. ಗೌರಿಬಿದನೂರು ಕಡೆ ಹುಳು ಸಾಕಿದ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಎರಡನೇ ಜ್ವರಕ್ಕೆ ಹೋಗಿದೆ, ಮುಟ್ಟಬೇಡಿ ರೀ. ಎದ್ದ ಮೇಲೆ ತಾನೇ ತಿನ್ನುತ್ತೆ" ಅಂದಳು. ಬೆಳಗ್ಗೆ ನೋಡಿದರೆ 34. ಅಂದಿನಿಂದ ಮನೆಯಲ್ಲಿ ಬ್ಯಾಕಪ್ಪಿನ ಆರೋಗ್ಯದ ಬಗ್ಗೆ ಅವಳ ಮಾತೇ ಕೊನೆ ಮಾತು.

ಪಕ್ಕದ ಬೀದಿಯಲ್ಲಿ ಚರಕ ನಡೆಸುವ ಭಾಯ್ ಒಬ್ಬರಿದ್ದಾರೆ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಒಂದೇ ದರಕ್ಕೆ ಚೌಕಾಸಿ ಮಾಡಬಲ್ಲವರು. ಚಹಾ ಅಂಗಡಿಯಲ್ಲಿ ಸಿಕ್ಕಾಗ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಶೇಕಡಾ 80 ಏರಿದೆ, ಮೂರು ಕಡೆ ನಕಲು, ಸೈನ್ಯದ ದರ್ಜೆಯ ಗೂಢಲಿಪಿ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ರೆಂಡಿಟ್ಟ ಎಷ್ಟು ಸಾರ್?"

ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬುದು ರೆಂಡಿಟ್ಟ. ಒಳ್ಳೆಯ ಗೂಡಾದರೆ ಆರು ಆರೂವರೆ, ಸಾಧಾರಣವಾದರೆ ಏಳೆಂಟು, ಕೆಟ್ಟದ್ದಾದರೆ ಲೆಕ್ಕ ಹಾಕುವಾಗ ರೀಲರ್ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. "ಒಳಗೆ ಎಷ್ಟು ಹೋಯ್ತು ಅನ್ನೋದು ಯಾರ್ ಬೇಕಾದ್ರೂ ಹೇಳ್ತಾರೆ. ಹೊರಗೆ ಎಷ್ಟು ಬಂತು ಅಂತ ನೋಡಿದ್ರಾ?" ಅಂದರು ಭಾಯ್, ಲೋಟ ಕೆಳಗಿಡುತ್ತಾ.

ನೋಡಿರಲಿಲ್ಲ. ಕಂಪನಿಗಳ ಜಾಹೀರಾತಿನಲ್ಲಿ ಏರಿಸುವುದು ಎಷ್ಟು ಸುಲಭ ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಇಳಿಸಿಕೊಳ್ಳುವುದು ಹೇಗೆ ಎಂಬುದು ಸಹಾಯ ಪುಟದ ಮೂಲೆಯಲ್ಲಿ. ಆದ್ದರಿಂದ ಹೊಸ ಬಗೆಯ ಪರೀಕ್ಷೆಗೆ ಇಳಿದೆ. ಮೇಲಿನದ್ದು ಬಿಟ್ಟು ಅಡಿಯಿಂದ ಕೈಗೆ ಸಿಕ್ಕ ಒಂದು ಹಿಡಿ ಫೋಲ್ಡರ್ ಆರಿಸಿ, ಇದನ್ನು ಮಗಳ ಲ್ಯಾಪ್‌ಟಾಪಿಗೆ ವಾಪಸ್ ಕೊಡಿ ಎಂದು ಕೇಳಿದೆ. ಕೊಟ್ಟರು. ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ಕೈ ಚಾಚಿದ್ದ ಸೋದರಮಾವ ಹೇಗೆ ಹೋಗಿದ್ದರೋ ಹಾಗೇ, ಕೈ ಚಾಚಿಕೊಂಡೇ ಮರಳಿ ಬಂದರು. ಲೆಕ್ಕದ ಪುಸ್ತಕ ಬಂತು, ಪಹಣಿ ಬಂತು. ನನ್ನ ಲೇಖನಗಳೂ ಬಂದವು. ತೆರೆದರೆ ಮಾತ್ರ ಒಂದಕ್ಷರ ಕನ್ನಡವಿಲ್ಲ. ತಲೆಯ ಮೇಲೆ ಟೋಪಿ, ಕೊಂಬು, ಎರಡು ಚುಕ್ಕಿ ಹೊತ್ತ ಪರದೇಶಿ ಅಕ್ಷರಗಳ ಸಾಲು ಸಾಲು.

ಇದರಲ್ಲಿ ಕಂಪನಿಯದೇನೂ ಇರಲಿಲ್ಲ. ಆ ಲೇಖನಗಳು ಹಳೆಯ ನುಡಿ ತಂತ್ರಾಂಶದಲ್ಲಿ ಬರೆದವು, ಯೂನಿಕೋಡ್ ನಮ್ಮ ಮನೆ ಬಾಗಿಲಿಗೆ ಬರುವ ಮುಂಚಿನವು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರ ಇದ್ದದ್ದು ಫಾಂಟಿನ ವೇಷದಲ್ಲಿ. ಒಳಗಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಸಂಕೇತ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಕರ್ನಾಟಕದ ಎಷ್ಟು ಪತ್ರಿಕಾ ಕಚೇರಿ, ಎಷ್ಟು ಮೇಷ್ಟ್ರ ಮನೆಗಳಲ್ಲಿ ಇಂಥ ಫೈಲುಗಳು ಕ್ಷೇಮವಾಗಿ, ಬಹಳ ಕ್ಷೇಮವಾಗಿ, ಓದಲಾಗದ ಹಾಗೆ ಕೂತಿವೆಯೋ. ಭಾಯ್‌ಗೆ ಹೇಳಿದೆ. "ಗೂಡು ಚೆನ್ನಾಗೈತೆ ಸಾರ್, ಬಿಚ್ಚೋಕೆ ಚರಕ ಇಟ್ಕೊಂಡಿಲ್ಲ ನೀವು" ಅಂದರು. ಫಾಂಟನ್ನೂ, ಯೂನಿಕೋಡಿಗೆ ಬದಲಿಸುವ ತಂತ್ರಾಂಶವನ್ನೂ ಹುಡುಕಿ ಅದೇ ಫೋಲ್ಡರಿನೊಳಗೆ ಇಟ್ಟೆ.

ಈ ವಿಷಯದಲ್ಲಿ ಶಾಸನ ಸಂಗ್ರಹಿಸಿದ ಬಿ. ಎಲ್. ರೈಸ್ ನಮಗಿಂತ ಜಾಣರು. ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ 1905ರದು, ಕೋಲಾರ ಜಿಲ್ಲೆಯದು. ಆಗ ಶಿಡ್ಲಘಟ್ಟವೂ ಕೋಲಾರದಲ್ಲೇ ಇತ್ತು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ನಮ್ಮ ತಾಲ್ಲೂಕಿನ ಹೊಲ, ಕೆರೆ ಏರಿ, ದೇವಸ್ಥಾನಗಳ ಶಾಸನಗಳನ್ನು ಅದರಲ್ಲಿ ಮೂಲದ ಲಿಪಿಯಲ್ಲಿ ಒಂದು ಸಲ, ರೋಮನ್ ಲಿಪಿಯಲ್ಲಿ ಇನ್ನೊಂದು ಸಲ, ಇಂಗ್ಲಿಷ್ ಅನುವಾದದಲ್ಲಿ ಮತ್ತೊಂದು ಸಲ ಅಚ್ಚು ಹಾಕಿದ್ದಾರೆ. ನಮ್ಮ ಕಡೆ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುವುದು, ಮೋರಿಯ ಮೇಲಿನ ಹಾಸುಗಲ್ಲಾಗುವುದು ಹೊಸದೇನಲ್ಲ. ಕಲ್ಲು ಹೋದರೂ ಅದರ ಮಾತು ಪುಸ್ತಕದಲ್ಲಿದೆ, ಪುಸ್ತಕದ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿದೆ, ಯಾವ ಫಾಂಟೂ ಬೇಡ. 1905ರ ರೈಸ್ ಅವರನ್ನು ಇವತ್ತು ತೆರೆದು ಓದುತ್ತೇನೆ, ಯುಗಾದಿ ವಿಶೇಷಾಂಕಕ್ಕೆ ನಾನೇ ಬರೆದದ್ದನ್ನು ಓದಲು ಪರದಾಡಬೇಕು.

ಹಾಗೆಂದು ದೊಡ್ಡವರ ಮೇಲೆ ಪೂರಾ ಭಾರ ಹಾಕುವಂತೆಯೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ನೌಕರರ ಕಡತಗಳಿದ್ದ ಜಿ-ಡ್ರೈವ್ ಸುಟ್ಟುಹೋಯಿತು, 858 ಟೆರಾಬೈಟ್. ಬಹಳ ದೊಡ್ಡದಾಗಿದೆ ಎಂಬ ಕಾರಣಕ್ಕೆ ಅದಕ್ಕೆ ಬೇರೆ ಪ್ರತಿಯನ್ನೇ ಇಟ್ಟಿರಲಿಲ್ಲ. ಇದನ್ನು ಓದಿದ ಮೇಲೆ ನನ್ನ ಕಣ್ಣಿನಲ್ಲಿ ನಮ್ಮ ಚಿಕ್ಕಮ್ಮನ ಘನತೆ ಹೆಚ್ಚಿತು. ಯಾವ ಕಾಗದವಾದರೂ ಮೂರು ಜೆರಾಕ್ಸ್, ಒಂದಕ್ಕೆ ಲ್ಯಾಮಿನೇಷನ್, ಒಂದು ತವರು ಮನೆಯ ಟ್ರಂಕಿನಲ್ಲಿ. ಮೂರು ಪ್ರತಿ, ಎರಡು ಬಗೆ, ಒಂದು ಬೇರೆ ಊರಿನಲ್ಲಿ ಎಂದು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಹೇಳಿದ್ದು ಈಗ ಕಂಪ್ಯೂಟರ್ ಜಗತ್ತಿನಲ್ಲಿ ಮೂರು-ಎರಡು-ಒಂದು ಸೂತ್ರವೆಂದು ಪ್ರಸಿದ್ಧ. ಚಿಕ್ಕಮ್ಮ ಅವರ ಹೆಸರು ಕೇಳಿಲ್ಲ.

ಗುಪ್ತಪದದ ವಿಷಯ ಬೇರೆ. ಖಾಸಗಿ ಬೀಗ ಹಾಕಿಕೊಂಡರೆ ನೀವು ಮರೆತ ದಿನ ನಾವೂ ತೆರೆಯಲಾರೆವು ಎಂದು ಕಂಪನಿ ಮೊದಲೇ ಹೇಳುತ್ತದೆ. ಹೆಂಡತಿ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟಳು. ಕಳ್ಳ ಬಂದರೆ ಅದನ್ನು ಹಾಲಿನವನ ಬಾಕಿ ಎಂದುಕೊಳ್ಳುತ್ತಾನಂತೆ.

ಕಡೆಗೆ ಒಂದು ವರ್ಷಕ್ಕೆ ದುಡ್ಡು ಕಟ್ಟಿದೆ. ಜೊತೆಗೆ ಚಿಕ್ಕಮ್ಮನ ಸೂತ್ರದಂತೆ ಒಂದು ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ತುಂಬಿ ಚಿಂತಾಮಣಿಯಲ್ಲಿರುವ ತಂಗಿಯ ಮನೆಯಲ್ಲಿಟ್ಟೆ. ಆಗಾಗ ತರಿಸಿ ಹೊಸತನ್ನು ಸೇರಿಸಿ ಕಳಿಸುವುದು ಒಪ್ಪಂದ. ಮೊನ್ನೆ ತರಿಸಿ ಕಂಪ್ಯೂಟರಿಗೆ ಚುಚ್ಚಿ ಊಟಕ್ಕೆ ಹೋದೆ. ಬಂದು ನೋಡಿದರೆ ಇನ್ನೂ ಹನ್ನೊಂದು ದಿನ ಬಾಕಿ ಎಂದು ಬ್ಯಾಕಪ್ ತೋರಿಸುತ್ತಿದೆ. ತಂಗಿಯ ಮಗನಿಗೆ ಫೋನ್ ಮಾಡಿದೆ.

"ಜಾಗ ಖಾಲಿ ಇತ್ತಲ್ಲ ಮಾವ, ಒಂದಷ್ಟು ತೆಲುಗು ಸಿನಿಮಾ ಹಾಕಿಟ್ಟಿದ್ದೆ. ಯಾಕೆ, ನಿಮ್ಮ ಕಂಪನಿಯೋರು ಏನಾದ್ರೂ ಅಂದ್ರಾ?"

ಕಂಪನಿ ಏನೂ ಅನ್ನಲಿಲ್ಲ. ಬಾಲಯ್ಯನ ಮೂರನೇ ಫೈಟನ್ನು ಶ್ರದ್ಧೆಯಿಂದ ಅಮೆರಿಕಕ್ಕೆ ಏರಿಸುತ್ತಿತ್ತು.