ದವಡೆ ದರ್ಶನ: ಹಳೆಯ ಬೆಂಚ್ ವೈಸಿನ ಪ್ರಮಾಣವಿಚಾರ

ಹಳೆಯ ಬೆಂಚ್ ವೈಸನ್ನು ಗುರುತಿಸುವ ಶಾಸ್ತ್ರಕ್ಕೆ ಇನ್ನೂ ಯಾವ ವಿಶ್ವವಿದ್ಯಾಲಯವೂ ಪೀಠ ಸ್ಥಾಪಿಸಿಲ್ಲ. ಇದರಲ್ಲಿ ವೈಸಿನ ತಪ್ಪೇನೂ ಇಲ್ಲ. ಅದಕ್ಕೆ ತನ್ನದೇ ಪೀಠ ಉಂಟು, ಕೆಲವು ಮಾದರಿಗಳಲ್ಲಿ ಅದು ಸುತ್ತಲೂ ತಿರುಗುತ್ತದೆ ಕೂಡ. ಹೀಗಾಗಿ ಈ ವಿದ್ಯೆ ಇಂದಿಗೂ ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಆಸುಪಾಸಿನಲ್ಲಿ, ಭಾನುವಾರದ ಫುಟ್‌ಪಾತ್ ಸಂತೆಯಲ್ಲಿ, ಕುಕ್ಕರಗಾಲಲ್ಲಿ ಕೂತವರ ನಡುವೆ ಗುರುಮುಖೇನವೇ ಹರಿದು ಬರುತ್ತಿದೆ.

ಶಾಸ್ತ್ರವೆಂದ ಮೇಲೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು ಎಂದು ಮೊದಲೇ ಸಾರುವುದು ಸಂಪ್ರದಾಯ. ಅಧಿಕಾರಿ: ಕಾರ್ ಷೆಡ್ಡಿನಲ್ಲೋ ಬಾಲ್ಕನಿಯಲ್ಲೋ ವರ್ಕ್‌ಷಾಪ್ ತೆರೆಯುವ ಆಸೆಯಿಂದ ಡ್ರಿಲ್ಲಿಂಗ್ ಮೆಷಿನ್ ಕೊಂಡು, ತೂತು ಕೊರೆಯಬೇಕಾದ ಪಟ್ಟಿಯನ್ನು ಒಮ್ಮೆ ಪಾದದಲ್ಲಿ ಮೆಟ್ಟಿ ಹಿಡಿದು ಬುದ್ಧಿ ಕಲಿತವನು. ವಿಷಯ: ಎರಡು ದವಡೆ, ಒಂದು ಸ್ಕ್ರೂ, ಒಂದು ನಟ್, ಒಂದು ಹಿಡಿ. ಪ್ರಯೋಜನ: ಮೂರನೆಯ ಕೈ. ಪೂರ್ವಪಕ್ಷ ಮನೆಯೊಳಗಿಂದಲೇ ಏಳುತ್ತದೆ: ‘ಯಾಕ್ರೀ, ಹೊಸದು ಅಂಗಡೀಲಿ ಸಿಗಲ್ವಾ?’ ಸಿಗುತ್ತದೆ. ಒಳ್ಳೆಯದೇ ಸಿಗುತ್ತದೆ, ಬೆಂಚ್ ವೈಸಿಗೆಂದೇ ಐಎಸ್ 2586 ಎಂಬ ಭಾರತೀಯ ಮಾನಕವೂ ಇದೆ. ಇದನ್ನು ಒಪ್ಪಿಬಿಟ್ಟರೆ ಪ್ರಬಂಧ ಇಲ್ಲಿಗೇ ಮುಗಿಯುವ ಅಪಾಯವಿರುವುದರಿಂದ, ಪೂರ್ವಪಕ್ಷದ ಖಂಡನೆಯನ್ನು ಎರಡನೆಯ ಸಂಪುಟಕ್ಕೆ ಕಾಯ್ದಿರಿಸಲಾಗಿದೆ.

ನೈಯಾಯಿಕರು ಅರಿವಿಗೆ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಗುಜರಿಯಲ್ಲಿ ಈ ಕ್ರಮ ತಲೆಕೆಳಗು. ಅಲ್ಲಿ ಮೊದಲು ಬಂದು ಬೀಳುವುದು ಶಬ್ದಪ್ರಮಾಣ, ಅದೂ ಕೇಳದೆಯೇ.

‘ಬ್ರಿಟಿಷ್ ಮಾಲು ಸಾರ್. ಕೆಜಿಎಫ್‌ದು.’

ಗುಜರಿ ವೈಸುಗಳಿಗೆಲ್ಲ ಮೂಲಪುರಾಣಗಳಿವೆ. ಕೆಲವು ಎಚ್ಎಎಲ್ ವಂಶದವು, ಕೆಲವು ಎಚ್ಎಂಟಿ ಗೋತ್ರದವು, ಕೆಲವಕ್ಕೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಷಾಪಿನ ಕುಲದೇವತೆ. ಆದರೆ ಕೆಜಿಎಫ್ ವಂಶದ ಸಂಖ್ಯಾಬಲವೇ ಬೇರೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೈಹಾಕಿದ ಆ ಚಿನ್ನದ ಗಣಿಗಳು 2001ರ ಫೆಬ್ರುವರಿಯಲ್ಲಿ ಮುಚ್ಚಿದವು. ಅಲ್ಲಿಂದೀಚೆಗೆ ಬೆಂಗಳೂರಿನಲ್ಲಿ ‘ಕೆಜಿಎಫ್ ವೈಸು’ಗಳು ಒದಗುತ್ತಿರುವ ವೇಗ ನೋಡಿದರೆ, ಕೋಲಾರದ ನೆಲದಡಿ 3 ಕಿಲೋಮೀಟರ್ ಇಳಿದು ಅಗೆದದ್ದು ಚಿನ್ನವನ್ನಲ್ಲ, ವೈಸುಗಳನ್ನೇ ಎಂದು ಸಂಶಯ ಬರುತ್ತದೆ. ಶಬ್ದ ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು ಎನ್ನುತ್ತದೆ ನ್ಯಾಯಶಾಸ್ತ್ರ. ಮಾರುವವನು ಆಪ್ತನೋ ಅಲ್ಲವೋ ಎಂಬುದು ದುಡ್ಡು ಎಣಿಸಿಕೊಟ್ಟ ಮೇಲಷ್ಟೇ ಗೊತ್ತಾಗುವ ಸಂಗತಿ.

ಶಬ್ದಪ್ರಮಾಣಕ್ಕೆ ಇನ್ನೊಂದು ರೂಪವಿದೆ, ಅದು ಹೆಚ್ಚು ನಂಬಿಕಸ್ಥ. ಮುಂದಿನ ದವಡೆಯನ್ನು ಪೂರ್ತಿ ಬಿಚ್ಚಿ ಎಳೆದು, ನೆಲಕ್ಕೆ ತಾಗದಂತೆ ಎತ್ತಿ ಹಿಡಿದು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು, ಸಂತೆಯಲ್ಲಿ ಗಡಿಗೆ ಕೊಳ್ಳುವವರು ತಟ್ಟುವ ಹಾಗೆ. ಬಿರುಕಿದ್ದರೆ ದನಿ ಒಡೆದಿರುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಾಮೂಲಿ ಬೀಡುಕಬ್ಬಿಣದೊಳಗೆ ಗ್ರಾಫೈಟ್ ಚಕ್ಕೆಚಕ್ಕೆಯಾಗಿ ಹರಡಿಕೊಂಡು ಕಂಪನವನ್ನು ನುಂಗುತ್ತದೆ. ಬಿರುಕಿಲ್ಲದ ಬೀಡು ಕೂಡ ಉಕ್ಕಿನಂತೆ ಗಂಟೆ ಬಾರಿಸುವುದಿಲ್ಲ. ಆದ್ದರಿಂದ ಒಂದೇ ಕಡೆ ತಟ್ಟಿ ತೀರ್ಪು ಕೊಡಬಾರದು. ಎಡಕ್ಕೂ ಬಲಕ್ಕೂ ತಟ್ಟಿ, ಎರಡು ದನಿಗಳನ್ನು ಹೋಲಿಸಬೇಕು. ಅಕ್ಕಪಕ್ಕದ ಅಂಗಡಿಯವರು ಈ ಸಂಗೀತಾಭ್ಯಾಸವನ್ನು ನೋಡಿ ನಕ್ಕರೆ ನಗಲಿ.

ಇನ್ನು ಪ್ರತ್ಯಕ್ಷ. ವೈಸಿನ ಮೈಮೇಲೆ ಉಬ್ಬಿದ ಅಕ್ಷರಗಳು ಎರಕಶಾಸನಗಳು. ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಿಗಾಗಿ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಕಲೆಹಾಕಿದರು. ಅವುಗಳ ಮೇಲೆ ಪಾಚಿ ಇದ್ದಿರಬಹುದು. ಆಯಿಲ್ ಪೇಂಟಿನ ಪದರಗಳಂತೂ ಇರಲಿಲ್ಲ. ವೈಸ್ ಶಾಸನತಜ್ಞನಿಗೆ ಆ ಭಾಗ್ಯವಿಲ್ಲ. ಅವನ ಉಪಕರಣ ಒಂದು ತುಂಡು ಸೀಮೆಸುಣ್ಣ. ಅಡ್ಡವಾಗಿ ಹಿಡಿದು ಉಜ್ಜಿದರೆ ಉಬ್ಬಕ್ಷರಗಳಷ್ಟೇ ಬಿಳಿಯಾಗಿ ಎದ್ದು ನಿಲ್ಲುತ್ತವೆ.

ಓದುವ ಕ್ರಮ ಹೀಗೆ. ವೈಸ್ ಎಂಬ ಇಂಗ್ಲಿಷ್ ಪದದ ನಡುವೆ ಸಿ ಇದ್ದರೆ ಬ್ರಿಟನ್, ಎಸ್ ಇದ್ದರೆ ಅಮೆರಿಕ. ಪಾರ್ಕಿನ್ಸನ್ ಹೆಸರಿನ ಜೊತೆ ‘ಪರ್ಫೆಕ್ಟ್’ ಎಂಬ ಆತ್ಮಪ್ರಶಂಸೆ ಕಂಡರೆ ಅದು ಯಾರ್ಕ್‌ಷೈರಿನ ಶಿಪ್ಲಿಯ ಮಾಲು. ಅದರ ಹಿಡಿಯ ಬಳಿ ಒಂದು ಸಣ್ಣ ಲಿವರ್ ಇರುತ್ತದೆ. ಒತ್ತಿದರೆ ಒಳಗಿನ ಅರ್ಧ ನಟ್ ಸ್ಕ್ರೂವಿನಿಂದ ಕಳಚಿಕೊಂಡು ದವಡೆ ಒಂದೇ ಎಳೆತಕ್ಕೆ ಮುಂದೆ ಬರುತ್ತದೆ. ರೆಕಾರ್ಡ್ ಎಂದಿದ್ದರೆ ಶೆಫೀಲ್ಡಿನ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿಯದು, ಮೈಬಣ್ಣ ನೀಲಿ. ಅದರ ಸಂಖ್ಯಾಶಾಸ್ತ್ರ ಮಾತ್ರ ಪಂಡಿತರನ್ನು ದಾರಿ ತಪ್ಪಿಸಲೆಂದೇ ರಚಿತವಾದಂತಿದೆ. 1ನೇ ನಂಬರಿನ ದವಡೆ 3 ಇಂಚು, 3ನೇ ನಂಬರಿನದು 4 ಇಂಚು. 5ಕ್ಕೆ ಬಂದಾಗ ನಂಬರೂ ಇಂಚೂ ರಾಜಿಯಾಗಿ ದವಡೆ 5 ಇಂಚಾಗುತ್ತದೆ. ಈ ಸಾಮರಸ್ಯ ನಂಬಿ ಬಡಗಿಗಳ 52ನೇ ನಂಬರಿನ ಬಳಿ ಹೋದರೆ ಅದರ ದವಡೆ 7 ಇಂಚು.

ಅಟ್ಲಾಂಟಿಕ್ ದಾಟಿದರೆ ವಂಶಾವಳಿಗಳು ಅಡುಗೆಮನೆಗೆ ಕರೆದೊಯ್ಯುತ್ತವೆ. ಕನೆಕ್ಟಿಕಟ್‌ನ ಮೆರಿಡನ್ ಊರಿನ ಚಾರ್ಲ್ಸ್ ಪಾರ್ಕರ್ 1832ರಲ್ಲಿ ಕಾಫಿ ಬೀಜ ಪುಡಿಮಾಡುವ ಯಂತ್ರದಿಂದ ಶುರುಮಾಡಿ, ಮುಂದೆ ಪಾರ್ಕರ್ ವೈಸ್, ಪಾರ್ಕರ್ ಬಂದೂಕು ಎರಡಕ್ಕೂ ಮೂಲಪುರುಷನಾದ. ಲರಾಯ್ ಸ್ಟಾರೆಟ್‌ನದು ಮಾಂಸ ಕೊಚ್ಚುವ ಯಂತ್ರ. ಅದನ್ನು ತಯಾರಿಸಲೆಂದು ಮಸಾಚುಸೆಟ್ಸ್‌ನ ಅಥೋಲ್‌ನಲ್ಲಿ ಹುಟ್ಟಿದ ಅಥೋಲ್ ಮೆಷಿನ್ ಕಂಪನಿಯಿಂದ ಅವನು ಹೊರಬಿದ್ದ. 1880ರಲ್ಲಿ ತನ್ನದೇ ಕಂಪನಿ ಕಟ್ಟಿದ. 1905ರಲ್ಲಿ ಹಳೆಯ ಕಂಪನಿಯನ್ನೇ ಕೊಂಡುಕೊಂಡ. ಹೀಗಾಗಿ ಅಥೋಲ್ ಎಂಬುದರ ಪಕ್ಕದಲ್ಲಿ ಸ್ಟಾರೆಟ್ ಹೆಸರೂ ಇರುವ ವೈಸು 1905ಕ್ಕಿಂತ ಹಿಂದಿನದಾಗಲಾರದು. ಕಾಲನಿರ್ಣಯ ಹೀಗೆ ಜಗಳದಿಂದಲೂ ಸಾಧ್ಯ.

ಶಾಸನಪ್ರಿಯರ ಕಣ್ಮಣಿ ಮಾತ್ರ ಚಿಕಾಗೊದ ವಿಲ್ಟನ್. ಹ್ಯೂ ವೋಗ್ಲ್ ಎಂಬ ವಲಸೆಗಾರ 1941ರಲ್ಲಿ ಕಟ್ಟಿದ ಕಂಪನಿ ಅದು. ಅದರ ವೈಸಿನ ಹಿಂಬದಿ ಬಂದೂಕಿನ ಗುಂಡಿನ ಆಕಾರದ್ದಾದ್ದರಿಂದ ಬುಲೆಟ್ ಎಂದು ಹೆಸರು. ದವಡೆಯನ್ನು ಪೂರ್ತಿ ಹೊರಗೆಳೆದು, ಜಾರುವ ಭಾಗದ ಅಡಿ ಬಗ್ಗಿ ನೋಡಿದರೆ ತಿಂಗಳು, ವರ್ಷ ಕುಟ್ಟಿದ ಗುರುತು ಕಾಣುತ್ತದೆ. ಅದನ್ನು ಜನ್ಮದಿನವೆಂದು ಓದಿದವನು ಕೆಟ್ಟ. ಬಹುತೇಕ ವೈಸುಗಳಲ್ಲಿ ಅದು ಐದು ವರ್ಷದ ಗ್ಯಾರಂಟಿ ಮುಗಿಯುವ ದಿನ. 5-62 ಎಂದಿದ್ದರೆ ವೈಸು ಹುಟ್ಟಿದ್ದು 1957ರ ಮೇ ತಿಂಗಳಲ್ಲಿ. ನಮ್ಮ ದಾನಶಾಸನಗಳು ಸೂರ್ಯಚಂದ್ರರಿರುವವರೆಗೆ ಸಲ್ಲಲಿ ಎಂದು ಕೊಟ್ಟು, ಅಳಿದವನಿಗೆ ಅರವತ್ತು ಸಾವಿರ ವರ್ಷ ಮಲದ ಹುಳುವಿನ ಜನ್ಮ ವಿಧಿಸುತ್ತಿದ್ದವು. ವಿಲ್ಟನ್‌ನವರು ಆಚಂದ್ರಾರ್ಕವನ್ನು ಅರವತ್ತು ತಿಂಗಳಿಗೆ ಇಳಿಸಿದರು. ತಮಾಷೆಯೆಂದರೆ, ಸೂರ್ಯಚಂದ್ರರ ಮೇಲೆ ಆಣೆಯಿಟ್ಟು ಕೊಟ್ಟ ಎಷ್ಟೋ ಗದ್ದೆಗಳು ಈಗ ಲೇಔಟ್ ಆಗಿವೆ, ಗ್ಯಾರಂಟಿ ತೀರಿದ ವೈಸು ಇನ್ನೂ ಹಿಡಿತ ಬಿಟ್ಟಿಲ್ಲ.

ಅನುಮಾನ ಖಂಡ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದು ತರ್ಕಶಾಸ್ತ್ರದ ಪ್ರಸಿದ್ಧ ವ್ಯಾಪ್ತಿ. ಗುಜರಿಯಲ್ಲಿ ಅದರ ರೂಪ: ಎಲ್ಲಿ ಹೊಸ ಬಣ್ಣವೋ ಅಲ್ಲಿ ಹಳೆಯ ಬಿರುಕು. ಬಣ್ಣದಡಿ ಅರಿಸಿನ ಬಣ್ಣದ ಗೆರೆ ಕಂಡರೆ ಬ್ರೇಜಿಂಗ್ ಆಗಿದೆ. ಗಂಟುಗಂಟಾದ ಏರು ಕಂಡರೆ ವೆಲ್ಡಿಂಗ್. ಹಿಡಿ ಬಾಗಿದ್ದರೆ ಯಾರೋ ಅದಕ್ಕೆ ಪೈಪು ತೊಡಿಸಿ ತೂಗಿದ್ದಾರೆ. ಹಿಡಿ ಬಾಗಿದ ದಿನ ದವಡೆಯೂ ಸುಮ್ಮನೆ ಕೂತಿರಲಾರದು. ಕಮ್ಮಾರರ ಕಾಲುಳ್ಳ ವೈಸಿಗೆ ಸುತ್ತಿಗೆಯೇಟು ಸಲ್ಲುತ್ತದೆ. ಅದು ಬಡಿದು ಮಾಡಿದ ಕಬ್ಬಿಣ, ಏಟನ್ನು ಕಾಲಿನ ಮೂಲಕ ನೆಲಕ್ಕೆ ದಾಟಿಸುತ್ತದೆ. ಎರಕದ ಬೆಂಚ್ ವೈಸಿನ ಮೈ ಪೆಡಸು. ಅದರ ಮೇಲೆ ಜಜ್ಜಿದ ಗುರುತು ತುಂಬಿದ್ದರೆ ಹಿಂದಿನ ಯಜಮಾನ ಅಡಿಗಲ್ಲಿಗೂ ವೈಸಿಗೂ ವ್ಯತ್ಯಾಸ ತಿಳಿಯದ ಅದ್ವೈತಿ.

ಇನ್ನೆರಡು ಪರೀಕ್ಷೆಗಳಿಗೆ ದುಡ್ಡು ಬೇಡ. ಹಿಡಿಯನ್ನು ಹಿಂದೆ ಮುಂದೆ ತಿರುಗಿಸಿ, ದವಡೆ ಕದಲುವ ಮುನ್ನ ಎಷ್ಟು ಸುಮ್ಮನೆ ತಿರುಗುತ್ತದೆಂದು ನೋಡಬೇಕು. ಕಾಲು ಸುತ್ತಿಗೂ ಹೆಚ್ಚು ಖಾಲಿ ಹೋದರೆ ನಟ್ಟೋ ಸ್ಕ್ರೂವೋ ಸವೆದಿದೆ. ಆಮೇಲೆ ದವಡೆಯ ಎರಡು ತುದಿಗಳಲ್ಲಿ ಒಂದೊಂದು ಕಾಗದದ ಚೂರು ಕಚ್ಚಿಸಿ ಎಳೆಯಬೇಕು. ಒಂದು ಗಟ್ಟಿ ನಿಂತು ಇನ್ನೊಂದು ಜಾರಿ ಬಂದರೆ ದವಡೆ ವಕ್ರ. ಬಸ್ ಟಿಕೆಟ್ಟಿಗೆ ಇದಕ್ಕಿಂತ ಘನವಾದ ಉಪಯೋಗ ಇನ್ನೊಂದಿಲ್ಲ.

ಹೇತ್ವಾಭಾಸಗಳೂ ಇವೆ. ‘ಭಾರ ಇದೆ, ಆದ್ದರಿಂದ ಗಟ್ಟಿ.’ ‘ತುಕ್ಕು ಹಿಡಿದಿದೆ, ಆದ್ದರಿಂದ ಹಳೆಯದು.’ ಬೆಂಗಳೂರಿನ ಒಂದು ಮಳೆಗಾಲ ಸಾಕು, ಮೊನ್ನೆಯ ವೈಸನ್ನು ಗಂಗರ ಕಾಲಕ್ಕೆ ಒಯ್ಯಲು. ‘ಡಕ್ಟೈಲ್ ಕಬ್ಬಿಣದ್ದು, ಯುದ್ಧಕ್ಕಿಂತ ಮುಂಚಿನದು’ ಎಂದರೆ ಎದ್ದು ಬರಬಹುದು. ಗ್ರಾಫೈಟನ್ನು ಚಕ್ಕೆಗೆ ಬದಲು ಉಂಡೆಯಾಗಿಸಿ ಬೀಡಿನ ಪೆಡಸುತನ ಕಳೆಯುವ ಆ ವಿದ್ಯೆಯನ್ನು ಕೀತ್ ಮಿಲ್ಲಿಸ್ ಕಂಡುಕೊಂಡದ್ದೇ 1943ರಲ್ಲಿ.

ಉಪಮಾನಕ್ಕೆ ಶಾಸ್ತ್ರಗ್ರಂಥಗಳ ಉದಾಹರಣೆ ಗವಯ: ಹಸುವಿನಂತಿರುವ ಕಾಡುಮೃಗ. ಹಸು ಹೇಗಿರುತ್ತದೆಂದು ಬಲ್ಲವನು ಕಾಡಿನಲ್ಲಿ ಗವಯವನ್ನು ಗುರುತಿಸುತ್ತಾನೆ. ಗುಜರಿಯಲ್ಲಿ ಗವಯಗಳೇ ಜಾಸ್ತಿ, ಹಸುವಿನ ಹೆಸರನ್ನೇ ಹಣೆಯ ಮೇಲೆ ಬರೆದುಕೊಂಡವು. ಅಸಲಿ ವೈಸನ್ನೇ ಅಚ್ಚಾಗಿ ಮರಳಿನಲ್ಲಿ ಒತ್ತಿ ನಕಲಿ ಎರಕ ಹೊಯ್ಯುವುದು ಹಳೆಯ ಚಾಳಿ. ಆದರೆ ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅಸಲಿನ 100 ಮಿಲಿಮೀಟರ್ ನಕಲಿನಲ್ಲಿ 99 ಆಗುತ್ತದೆ, ಅಕ್ಷರಗಳ ಅಂಚೂ ಮೊಂಡಾಗುತ್ತದೆ. ಅರ ಹಾಕದ, ಯಂತ್ರ ಮುಟ್ಟದ ಎರಕದ ಮೈಯನ್ನು ವರ್ನಿಯರ್‌ನಿಂದ ಅಳೆದು ಅಸಲಿನ ಜೊತೆ ತಾಳೆ ನೋಡಿದರೆ ವಂಚನೆ ತಾನೇ ಒಪ್ಪಿಕೊಳ್ಳುತ್ತದೆ. ನಕಲು ಮಾಡಿದವನು ನಕಲನ್ನೇ ನಕಲು ಮಾಡಿದ್ದರೆ 98.

ಇಷ್ಟು ವಿದ್ಯೆಯ ಮೇಲೆ ಒಂದು ಕಠಿಣ ನಿಯಮವಿದೆ: ಗುಜರಿಯಲ್ಲಿ ಬಾಯಿ ಬಿಡಕೂಡದು. ಅಂಗಡಿಯವನು ಕೊಳ್ಳುವುದು ಕಿಲೊ ಲೆಕ್ಕದಲ್ಲಿ, ಮಾರುವುದು ಇತಿಹಾಸದ ಲೆಕ್ಕದಲ್ಲಿ, ಮತ್ತು ಆ ಇತಿಹಾಸವನ್ನು ಅವನಿಗೆ ಕಲಿಸುವವರು ಗಿರಾಕಿಗಳೇ.

‘ಎಷ್ಟಣ್ಣಾ ಇದು?’

‘ತೂಕ ಹಾಕಿ ಹೇಳ್ತೀನಿ ಸಾರ್.’

‘ಅಯ್ಯೋ, ಪಾರ್ಕಿನ್ಸನ್ ಅಲ್ವಾ ಇದು!’

‘ತೂಕ ಯಾಕೆ ಬಿಡಿ ಸಾರ್, ಆಂಟಿಕ್ ಪೀಸು.’

ಆ ಒಂದು ಉದ್ಗಾರದ ಬೆಲೆಯಲ್ಲಿ ಎರಡು ಒಳ್ಳೆಯ ಅರಗಳು ಬರುತ್ತಿದ್ದವು. ಬಲ್ಲವರು ವೈಸನ್ನು ಕಣ್ಣೆತ್ತಿಯೂ ನೋಡದೆ, ಪಕ್ಕದ ಮುರುಕಲು ಪಂಪಿನ ಚೌಕಾಸಿಗೆ ಕೂರುತ್ತಾರೆ. ಹೆಸರೇ ಇಲ್ಲದ, ದವಡೆ ನೇರವಾಗಿರುವ, ನಟ್ಟು ಸವೆಯದ ವೈಸೊಂದು ಬೆಸುಗೆ ಬಿದ್ದ ರೆಕಾರ್ಡಿನ ಪಕ್ಕದಲ್ಲೇ ಅನಾಥವಾಗಿ ಬಿದ್ದಿರುತ್ತದೆ. ಅದನ್ನು ಹೊತ್ತು ತರುವುದೇ ಜಾಣತನ. ಆದರೆ ಶಾಸನವಿಲ್ಲದ ಕಲ್ಲಿನ ಬಗ್ಗೆ ಯಾವ ವಿದ್ವಾಂಸ ಪ್ರಬಂಧ ಬರೆದಾನು?

ಜೀರ್ಣೋದ್ಧಾರ ವಿಧಿ. ಬಕೆಟ್ಟಿನಲ್ಲಿ ನೀರು, ವಾಷಿಂಗ್ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿ ವೈಸಿಗೆ, ಧನ ತಂತಿ ಯಾವುದಾದರೂ ಕಬ್ಬಿಣದ ತುಂಡಿಗೆ. ರಾತ್ರಿಯೆಲ್ಲ ಬಿಟ್ಟರೆ ತುಕ್ಕು ಸಡಿಲಗೊಂಡು ಬ್ರಷ್ಷಿಗೆ ಬರುತ್ತದೆ. ಧನ ತಂತಿಗೆ ಅಡುಗೆಮನೆಯ ಸ್ಟೀಲ್ ಸೌಟು ಕಟ್ಟುವುದು ಎರಡು ಕಾರಣಕ್ಕೆ ನಿಷಿದ್ಧ: ಅದರೊಳಗಿನ ಕ್ರೋಮಿಯಂ ವಿಷರೂಪದಲ್ಲಿ ನೀರಿಗಿಳಿಯುತ್ತದೆ, ಮತ್ತು ಸೌಟು ಎಲ್ಲಿ ಎಂಬ ಪ್ರಶ್ನೆ ಬೆಳಗಾಗುವಷ್ಟರಲ್ಲಿ ಎದ್ದಿರುತ್ತದೆ. ಹೈಡ್ರೋಜನ್ ಗುಳ್ಳೆಗಳು ಏಳುವುದರಿಂದ ಬಕೆಟ್ಟಿನ ಜಾಗ ಬಯಲು, ಬಚ್ಚಲುಮನೆಯಲ್ಲ. ಆಮೇಲೆ ಬಣ್ಣದ ವಿವಾದ. ಮೂಲ ನೀಲಿಯನ್ನೇ ಬಳಿಯಬೇಕೆಂಬ ಆಗಮವಾದಿಗಳೂ, ತುಕ್ಕು ತೆಗೆದು ಎಣ್ಣೆ ಸವರಿದರೆ ಸಾಕೆಂಬ ದಿಗಂಬರರೂ ಒಬ್ಬರ ಷೆಡ್ಡಿಗೆ ಇನ್ನೊಬ್ಬರು ಕಾಲಿಡುವುದಿಲ್ಲ.

ಪ್ರತಿಷ್ಠಾಪನೆಯಲ್ಲಿ ಒಂದೇ ದೋಷ ಅಕ್ಷಮ್ಯ. ಅಲುಗದ ದವಡೆಯ ಮುಖ ಬೆಂಚಿನ ಅಂಚಿಗಿಂತ ತುಸು ಮುಂದೆ ಚಾಚಿರಬೇಕು. ಇಲ್ಲವಾದರೆ ಉದ್ದನೆಯ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಲು ಬೆಂಚೇ ಅಡ್ಡ ಬರುತ್ತದೆ. ಎತ್ತರದ ವಿಚಾರದಲ್ಲಿ ಫಿಟ್ಟರ್ ವಿದ್ಯೆಯ ಗುರುಗಳೆಲ್ಲ ಏಕಮತ: ನಿಂತಾಗ ದವಡೆಯ ಮೇಲಂಚು ಮೊಣಕೈ ಮಟ್ಟಕ್ಕೆ ಬರಬೇಕು. ಯಾರ ಮೊಣಕೈ ಎಂಬಲ್ಲಿ ಮೂಲ ಮೌನವಾಗಿದೆ. ಬಿಗಿದು ಕೂತ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಮನೆಯವರೂ ಅದೇ ವೈಸಿನ ಬಳಿ ಬರುವ ಪಕ್ಷದಲ್ಲಿ, ಬೆಂಚನ್ನು ಎತ್ತರದವರಿಗೆ ಹೊಂದಿಸಿ, ಗಿಡ್ಡನೆಯವರಿಗೆ ಕೆಳಗೊಂದು ಮಣೆ ಹಾಕುವುದೆಂದು ಒಂದು ವ್ಯಾಖ್ಯಾನ. ಮಣೆಯನ್ನು ಯಾರು ಮಾಡಬೇಕೆಂಬುದರಲ್ಲಿ ಮಾತ್ರ ಪಾಠಭೇದವಿಲ್ಲ, ವೈಸು ತಂದವನೇ.