ಕೃಷ್ಣೆಯ ಮೇಲೊಂದು ಊರು

ಮಾತಿಗೆ ಇದ್ದ ಅರ್ಥ ಹೊಂದದಿದ್ದಾಗ ಪಕ್ಕದ ಅರ್ಥ ಹಿಡಿಯಬೇಕು, ಅದು ಲಕ್ಷಣೆ. ಇದಕ್ಕೆ ನಮ್ಮ ಆಲಂಕಾರಿಕರು ಸಾವಿರ ವರ್ಷ ಒಂದೇ ಉದಾಹರಣೆ ಜಗಿದಿದ್ದಾರೆ: 'ಗಂಗಾಯಾಂ ಘೋಷಃ', ಗಂಗೆಯಲ್ಲಿ ಗೊಲ್ಲರ ಹಟ್ಟಿ. ಹರಿಯುವ ನೀರಿನಲ್ಲಿ ಹಟ್ಟಿ ನಿಲ್ಲದು. ಆದ್ದರಿಂದ ಗಂಗೆ ಎಂದರೆ ದಂಡೆ ಎನ್ನಿ. ಜೊತೆಗೆ ತಂಪು, ಪಾವಿತ್ರ್ಯ ಪುಕ್ಕಟೆ.

ಹೀಗೆಂದವರು ಹರಿಪುರ ನೋಡಿರಲಿಕ್ಕಿಲ್ಲ. ಸಾಂಗಲಿಯ ಮಗ್ಗುಲಲ್ಲಿ, ವಾರಣಾ ಬಂದು ಕೃಷ್ಣೆಗೆ ಕೂಡುವಲ್ಲಿ, ಸಂಗಮೇಶ್ವರನ ಗುಡಿ ಕಟ್ಟಿಕೊಂಡು ಕೂತ ಊರದು. ನಮ್ಮ ಸೋದರತ್ತೆಯನ್ನು ಕೊಟ್ಟದ್ದು ಅಲ್ಲಿಗೆ.

"ನಿಮ್ಮೂರು ಹೊಳಿ ಮ್ಯಾಲೈತಿ ಅಂದ್ರ ದಂಡಿ ಮ್ಯಾಲೈತಿ ಅಂತ ಅರ್ಥ, ಅತ್ತಿ" ಎಂದು ನಾನು ಶಾಸ್ತ್ರ ಬಿಚ್ಚಿದೆ.

"ಯಾವ ತಿಂಗಳದಾಗೋ ತಮ್ಮಾ?" ಅಂದಳು ಅತ್ತಿ.

ಆಲಂಕಾರಿಕ ಮಮ್ಮಟನಿಗೂ ಹೊಳೆಯದ ಪ್ರಶ್ನೆ! 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ವಾಚ್ಯಾರ್ಥ ಯಾರ ಹಂಗೂ ಇಲ್ಲದೆ ಹೊಸ್ತಿಲು ದಾಟಿ ಪಡಸಾಲೆಗೆ ಬಂದಿತ್ತು. ಊರು ನದಿಯಲ್ಲೇ ಇತ್ತು. ತಂಪೂ ಇತ್ತು. ಪಾವಿತ್ರ್ಯದ ಮಾತನ್ನು ಆ ಕೆಸರು ಬಳಿದವರನ್ನು ಕೇಳಬೇಕು.

ಕನ್ನಡಿಗರಿಗೆ ಈ ಅಲಂಕಾರದ ಚಪಲ ಹಳೆಯದು. ನಮಗೆ ಉಳಿದಿರುವ ಮೊದಲ ಗ್ರಂಥ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಅಲಂಕಾರದ ಪಾಠ. ಎಲೆಗೆ ಅನ್ನ ಬೀಳುವ ಮೊದಲೇ ಉಪ್ಪಿನಕಾಯಿ ಬಡಿಸಿದ ಹಾಗೆ. ಅದು ನಾಡಿನ ಗಡಿಯನ್ನು ಗೋದಾವರಿಯವರೆಗೆ ಎಳೆಯುತ್ತದೆ, ಹೀಗಾಗಿ ಹರಿಪುರವೂ ಸಿಲಬಸ್ಸಿನೊಳಗೇ.

ಆದರೆ ಇಲ್ಲಿ ಯಾವ ಅಲಂಕಾರವೂ ಅಲಂಕಾರವಾಗಿ ಉಳಿಯುವುದಿಲ್ಲ. 'ನೆಲದಾಗ ಬಂಗಾರ ಹೂತಾರ' ಎಂದರೆ ಬೇರೆ ಕಡೆ ಅತಿಶಯೋಕ್ತಿ, ಇಲ್ಲಿ ಅರಿಷಿಣ. ನೆಲದಲ್ಲಿ ಆಳದ ಹಗೇವು ತೋಡಿ, ಹುಳ ಹತ್ತದಂತೆ ವರ್ಷಗಟ್ಟಲೆ ಇಟ್ಟು, ದರ ಏರುವುದನ್ನು ಕಾಯುತ್ತಿದ್ದರು. ಬಾಯಿ ತೆರೆದ ಕೂಡಲೇ ಒಳಗಿಳಿದರೆ ಉಸಿರು ಕಟ್ಟುತ್ತದೆ. ಕೆಟ್ಟ ಗಾಳಿ ಹೋಗುವ ತನಕ ಹೊರಗೇ ಕೂರಬೇಕು. (ಕೆಲವು ಕಾವ್ಯಗಳಿಗೂ ಈ ನಿಯಮ ಇರಬೇಕಿತ್ತು.) 2005ರ ನೀರು ಆ ಹಗೇವುಗಳಿಗೂ ನುಗ್ಗಿತು; ಎಷ್ಟೋ ಕುಸಿದವು, ಒಳಗಿನ ಮಾಲು ಕೊಳೆಯಿತು.

ಹಗೇವಿಗೆ ಮರಾಠಿಯಲ್ಲಿ ಪೇವ. ಏನಾದರೂ ಎಗ್ಗಿಲ್ಲದೆ ಹೆಚ್ಚಿದರೆ 'ಪೇವ ಫುಟಲೇ', ಹಗೇವು ಒಡೆಯಿತು, ಎನ್ನುವುದು ಅವರ ನುಡಿಗಟ್ಟು. ಚುನಾವಣೆ ಹತ್ತಿರ ಬಂದಾಗ ಮರಾಠಿ ಪೇಪರಿನಲ್ಲಿ ಟಿಕೆಟ್ ಆಕಾಂಕ್ಷಿಗಳ ಪೇವ ಒಡೆದ ಸುದ್ದಿಯನ್ನು ನಾನು ಓದಿ ಹೇಳಿದೆ. ಮಾವ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ವಿಚಾರಿಸಿದರು:

"ಎಷ್ಟು ಚೀಲ ತೊಯ್ದಾವಂತ?"